ಬೇರಿನ ಸುತ್ತಲಿನ ಜೀವಕ್ಕೊಂದು ಪೊಟ್ಟಣ: ಕೋಲಾರದ ಅಂಗಡಿಗಳಲ್ಲಿ ಸಿಗುವ ಜೀವಾಣು ಗೊಬ್ಬರಗಳ ವಿಮರ್ಶೆ

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಯಾವ ಗೊಬ್ಬರದ ಅಂಗಡಿಗೆ ಹೋದರೂ ಡಿಎಪಿ (ರಂಜಕದ ರಸಗೊಬ್ಬರ), ಪೊಟ್ಯಾಷ್ ಚೀಲಗಳ ಹಿಂದಿನ ಕಪಾಟಿನಲ್ಲಿ ಈಗ ಜೀವಾಣು ಗೊಬ್ಬರಗಳ, ಅಂದರೆ ಗಿಡಕ್ಕೆ ನೆರವಾಗುವ ಜೀವಂತ ಬ್ಯಾಕ್ಟೀರಿಯಾ ಇಲ್ಲವೇ ಶಿಲೀಂಧ್ರ ತುಂಬಿದ ಪೊಟ್ಟಣ, ಬಾಟಲಿಗಳ ಒಂದು ಸಾಲು ಇದ್ದೇ ಇರುತ್ತದೆ. ರೈಜೋಬಿಯಂ, ಅಜೋಸ್ಪಿರಿಲಂ, ಪಿಎಸ್‌ಬಿ (ರಂಜಕ ಕರಗಿಸುವ ಬ್ಯಾಕ್ಟೀರಿಯಾ), ಟ್ರೈಕೋಡರ್ಮಾ, ಸ್ಯೂಡೋಮೊನಾಸ್, ವ್ಯಾಮ್ ಎಂಬ ಹೆಸರುಗಳು ರೈತರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿವೆ. ಟೊಮೆಟೊ, ಅವರೆ, ರಾಗಿ, ಎಲೆಕೋಸು ಬೆಳೆಯುವ ನಮ್ಮ ಜಮೀನಿನಲ್ಲಿ ಇವೆಲ್ಲವನ್ನೂ ಕೆಲವು ಹಂಗಾಮುಗಳಿಂದ ಬಳಸುತ್ತ ಬಂದಿದ್ದೇನೆ. ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬೀಜಕ್ಕೆ, ಸಸಿಮಡಿಗೆ, ನಾಟಿಯ ಗುಣಿಗೆ ಕೊಟ್ಟ ಜೀವಾಣು ಕೆಲಸ ಮಾಡುತ್ತದೆ. ಎಕರೆಗಟ್ಟಲೆ ಮಣ್ಣಿನ ಮೇಲೆ ಎರಚಿದ ಜೀವಾಣು ಬಹುಪಾಲು ವ್ಯರ್ಥವಾಗುತ್ತದೆ. ಪೊಟ್ಟಣದ ಒಳಗಿನ ಸರಕು ಎಷ್ಟೇ ಒಳ್ಳೆಯದಾಗಿದ್ದರೂ ಈ ಮಾತು ಬದಲಾಗುವುದಿಲ್ಲ.

ಇದಕ್ಕೆ ಕಾರಣ ಬೇರಿನ ಸುತ್ತಲಿನ ಮಣ್ಣಿನ ಸ್ವಭಾವದಲ್ಲಿಯೇ ಇದೆ. ಗಿಡವು ಎಲೆಯಲ್ಲಿ ತಯಾರಿಸಿದ ಸಕ್ಕರೆಯ ಒಂದು ಗಣನೀಯ ಪಾಲನ್ನು ಬೇರಿನ ತುದಿಗಳಿಂದ ಮಣ್ಣಿಗೆ ಒಸರಿಸುತ್ತದೆ. ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳ ಆ ಒಸರಿಗೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಮುತ್ತಿಕೊಳ್ಳುತ್ತವೆ. ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ಎಂಬ ವಿಜ್ಞಾನಿ 1904ರಲ್ಲಿ ಈ ವಲಯಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ಅದರ ಅಗಲ ಬೇರಿನ ಮೈಯಿಂದ ಕೆಲವೇ ಮಿಲಿಮೀಟರ್. ಅಷ್ಟರೊಳಗೆ ಜೀವಾಣುಗಳ ಸಾಂದ್ರತೆ ದೂರದ ಮಣ್ಣಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಿರುತ್ತದೆ. ಹೊರಗಿನಿಂದ ತಂದು ಹಾಕಿದ ಜೀವಾಣು ಈ ವಲಯದಲ್ಲಿ ಜಾಗ ಹಿಡಿದರೆ ಮಾತ್ರ ಅದಕ್ಕೆ ಊಟ ಸಿಗುತ್ತದೆ. ಹೊರಗೆ ಬಿದ್ದದ್ದು ಹಸಿವಿನಿಂದಲೋ ಬಿಸಿಲಿನಿಂದಲೋ ಸಾಯುತ್ತದೆ, ಇಲ್ಲವೇ ಮಣ್ಣಿನ ಏಕಕೋಶ ಜೀವಿಗಳ ಪಾಲಾಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶವು ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕಣಗಳಿರಬೇಕು ಎನ್ನುತ್ತದೆ. ಎಕರೆಗೆ 5 ಕಿಲೋ ಪುಡಿ ಎರಚಿದರೆ ಒಟ್ಟು 25,000 ಕೋಟಿ ಬ್ಯಾಕ್ಟೀರಿಯಾ ಹೊಲಕ್ಕೆ ಬಿದ್ದಂತಾಯಿತು. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಒಂದು ಎಕರೆಯ ಮೇಲ್ಮಣ್ಣು, ಗೇಣುದ್ದ ಆಳಕ್ಕೆ ಹೋಗುವ ಮೊದಲೇ, ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಹಂಚಿ ನೋಡಿದರೆ ಒಂದು ಗ್ರಾಂ ಮಣ್ಣಿಗೆ ಮುನ್ನೂರು ಬ್ಯಾಕ್ಟೀರಿಯಾ ಕೂಡ ಬರುವುದಿಲ್ಲ. ಅದೇ ಒಂದು ಗ್ರಾಂನಲ್ಲಿ ಮೊದಲಿನಿಂದ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳು ಕೋಟಿಗಳಲ್ಲಿವೆ. ಇನ್ನೊಂದು ಕಡೆ, 200 ಗ್ರಾಂನ ಒಂದು ರೈಜೋಬಿಯಂ ಪೊಟ್ಟಣವನ್ನು 10 ಕಿಲೋ ಅವರೆ ಬೀಜಕ್ಕೆ ಲೇಪಿಸಿದೆವೆನ್ನಿ. ಬೀಜವೊಂದು ಕಾಲು ಗ್ರಾಂ ತೂಗುತ್ತದೆಂದು ಹಿಡಿದರೆ ಪ್ರತಿ ಬೀಜದ ಮೈಗೂ ಎರಡೂವರೆ ಲಕ್ಷ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಮೊಳಕೆಯ ಮೊದಲ ಬೇರು ಹೊರಬರುವಾಗ ಬಾಗಿಲಲ್ಲಿಯೇ ಅವು ಕಾದಿರುತ್ತವೆ. ಅಂಗಡಿಯವರು "ಎಕರೆಗೆ ಇಷ್ಟು ಕಿಲೋ ಹಾಕಿ, ಸಾಕು" ಎಂದು ಹೇಳುವಾಗ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಕಿಲೋ ಹೆಚ್ಚಾದಷ್ಟೂ ವ್ಯಾಪಾರ ಹೆಚ್ಚು ಎಂಬುದು ಎಲ್ಲರಿಗೂ ತಿಳಿದದ್ದೇ.

ಮೊದಲು ನೋಡಬೇಕಾದದ್ದು ಪೊಟ್ಟಣದ ಹಿಂಬದಿಯನ್ನು. ಜೀವಾಣು ಗೊಬ್ಬರಗಳು 2006ರಲ್ಲಿ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಅಂದಿನಿಂದ ಜೀವಾಣುವಿನ ಹೆಸರು, ಕನಿಷ್ಠ ಸಂಖ್ಯೆ, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇವು ಅಚ್ಚಾಗಿರಬೇಕು. ದ್ರವ ರೂಪದ್ದಾದರೆ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಇರಬೇಕು. ಟ್ರೈಕೋಡರ್ಮಾ ಮತ್ತು ಸ್ಯೂಡೋಮೊನಾಸ್‌ಗಳು ರೋಗ ತಡೆಗೆಂದು ಮಾರಾಟವಾಗುವುದರಿಂದ ಅವು ಗೊಬ್ಬರದ ಕಾನೂನಿಗೆ ಸೇರದೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗುತ್ತವೆ. ಟ್ರೈಕೋಡರ್ಮಾ ಪುಡಿಯಲ್ಲಿ ಗ್ರಾಂಗೆ 20 ಲಕ್ಷ ಜೀವಂತ ಕಣಗಳೆಂಬುದು ಅದರ ಸಾಮಾನ್ಯ ಮಾನದಂಡ. "ಮಣ್ಣಿನ ಟಾನಿಕ್", "ಬೇರಿನ ಶಕ್ತಿ" ಎಂದಷ್ಟೇ ಬರೆದು, ಯಾವ ಜೀವಾಣು, ಎಷ್ಟು ಎಂಬುದನ್ನು ಹೇಳದ ಬಾಟಲಿಗಳೂ ಇದೇ ಕಪಾಟಿನಲ್ಲಿ ಕೂತಿರುತ್ತವೆ. ಅವುಗಳನ್ನು ನಾನು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ದಿನಾಂಕದಷ್ಟೇ ಮುಖ್ಯವಾದದ್ದು ಪೊಟ್ಟಣ ಎಲ್ಲಿ ಕೂತಿತ್ತು ಎಂಬುದು. ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನ ಪುಡಿಯಲ್ಲಿ ಬೆರೆಸಿದ ಬ್ಯಾಕ್ಟೀರಿಯಾಕ್ಕೆ ತಂಪು ಮತ್ತು ತೇವ ಎರಡೂ ಬೇಕು. 40 ಡಿಗ್ರಿಯ ಸುತ್ತಮುತ್ತ ಅದು ಬೇಗನೆ ಕುಸಿಯುತ್ತದೆ. ತಗಡಿನ ಚಾವಣಿಯ ಗೋದಾಮಿನಲ್ಲಿ ನಮ್ಮ ಏಪ್ರಿಲ್‌ನ ಮಧ್ಯಾಹ್ನ ಎಷ್ಟು ಬಿಸಿಯಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಒಂದು ಅಂಗಡಿಯಲ್ಲಿ ರಸ್ತೆಯ ಕಡೆಗಿನ ಗಾಜಿನ ಕಪಾಟಿನಲ್ಲಿ, ನೇರ ಬಿಸಿಲಿಗೆ ಜೋಡಿಸಿಟ್ಟ ರೈಜೋಬಿಯಂ ಪೊಟ್ಟಣಗಳನ್ನು ನೋಡಿದೆ. ಕೈಗೆತ್ತಿಕೊಂಡರೆ ಒಳಗಿನ ಕಪ್ಪು ಪುಡಿ ಒಣಗಿ ಸರಸರ ಎನ್ನುತ್ತಿತ್ತು. ಲಿಗ್ನೈಟ್ ಪುಡಿ ಚೆನ್ನಾಗಿದ್ದರೆ ಹಿಸುಕಿದಾಗ ಪೊಟ್ಟಣ ಮೆತ್ತಗಿರುತ್ತದೆ, ಪುಡಿ ಸ್ವಲ್ಪ ಅಂಟಂಟಾಗಿ ಉಂಡೆ ಕಟ್ಟುತ್ತದೆ. ಅದರಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ತೇವ ಇರಬೇಕೆಂಬುದು ನಿಯಮವೇ. ಅಂಗಡಿಯ ಹುಡುಗನಿಗೆ ಇದನ್ನು ತೋರಿಸಿ ಹೇಳಿದಾಗ ಆತ ಹಿಂದಿನ ಕೋಣೆಯಿಂದ ಬೇರೆ ಪೆಟ್ಟಿಗೆ ತಂದುಕೊಟ್ಟ. ಕೇಳಿದರೆ ಕೊಡುತ್ತಾರೆ, ಕೇಳುವುದು ನಮ್ಮ ಕೆಲಸ.

ಈಗ ಒಂದೊಂದು ಸರಕಿನ ವಿಚಾರಕ್ಕೆ ಬರುತ್ತೇನೆ. ರೈಜೋಬಿಯಂ ಇವೆಲ್ಲದರಲ್ಲಿ ಹಳೆಯದು, ಅಗ್ಗದ್ದು, ಅದರ ಕೆಲಸವನ್ನು ಕಣ್ಣಿನಿಂದಲೇ ನೋಡಿ ಅಳೆಯಬಹುದಾದದ್ದು. ದ್ವಿದಳ ಗಿಡಗಳ ಬೇರುಗಂಟಿನಿಂದ ಈ ಬ್ಯಾಕ್ಟೀರಿಯಾವನ್ನು ಹಾಲೆಂಡಿನ ಬೈಜೆರಿಂಕ್ 1888ರಲ್ಲಿ ಬೇರ್ಪಡಿಸಿದರು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಯುರೋಪಿನಲ್ಲಿ ಅದು ಸರಕಾಗಿ ಮಾರಾಟಕ್ಕೆ ಬಂದಿತ್ತು. ಗಾಳಿಯ ಸಾರಜನಕವನ್ನು ಗಿಡ ಬಳಸುವ ರೂಪಕ್ಕೆ ತಿರುಗಿಸುವ ಕೆಲಸ ಗಂಟಿನ ಒಳಗೆ ನಡೆಯುತ್ತದೆ. ಅವರೆ ಗಿಡಕ್ಕೆ ಹೂ ಕಾಣಿಸುವ ಹೊತ್ತಿಗೆ ಒಂದು ಗಿಡವನ್ನು ಕಿತ್ತು ಎಳೆಯದೆ, ಸುತ್ತಲಿನ ಮಣ್ಣಿನ ಹೆಂಟೆ ಸಮೇತ ಗುದ್ದಲಿಯಿಂದ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ಮೆಲ್ಲಗೆ ತೊಳೆಯಬೇಕು. ಬೇರಿನ ಮೇಲೆ ಸಾಸಿವೆಯಿಂದ ಮೆಣಸಿನ ಕಾಳಿನ ಗಾತ್ರದವರೆಗಿನ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ರಕ್ತದಂಥ ಕೆಂಪು ಬಣ್ಣವಿದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನಂಟಸ್ತಿಕೆಯಿರುವ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನು ಆ ಬಣ್ಣ ಕೊಡುತ್ತದೆ. ಬಿಳಿ, ಬೂದು ಅಥವಾ ಹಸಿರಾಗಿದ್ದರೆ ಗಂಟು ಇನ್ನೂ ಎಳೆಯದು, ಕೆಲಸವಿಲ್ಲದ್ದು, ಇಲ್ಲವೇ ಮುದಿಯಾದದ್ದು. ಪೊಟ್ಟಣದ ಮೇಲಿನ ಯಾವ ಮಾತಿಗಿಂತಲೂ ಈ ಪರೀಕ್ಷೆಯನ್ನು ನಾನು ನಂಬುತ್ತೇನೆ.

ಆದರೂ ಎಲ್ಲ ಅವರೆ ಹೊಲಕ್ಕೂ ರೈಜೋಬಿಯಂ ಪೊಟ್ಟಣ ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಅವರೆ, ಅಲಸಂದೆ, ಹುರುಳಿ, ಶೇಂಗಾ ಇವೆಲ್ಲ ಹತ್ತಿರದ ಒಂದೇ ಬ್ಯಾಕ್ಟೀರಿಯಾ ಗುಂಪಿನಿಂದ ಗಂಟು ಕಟ್ಟಿಕೊಳ್ಳುತ್ತವೆ. ವರ್ಷವರ್ಷವೂ ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಅಲಸಂದೆ ಹಾಕಿಕೊಂಡು ಬಂದ ಹೊಲದಲ್ಲಿ ಆ ಬ್ಯಾಕ್ಟೀರಿಯಾ ತಾನಾಗಿಯೇ ನೆಲೆಸಿರುತ್ತದೆ. ನಮ್ಮ ಅಂಥ ಒಂದು ತಾಕಿನಲ್ಲಿ ಲೇಪಿಸಿದ ಸಾಲಿಗೂ ಲೇಪಿಸದ ಸಾಲಿಗೂ ಗಂಟಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನೀಲಗಿರಿ ತೋಪನ್ನು ಕಿತ್ತು ಹೊಸದಾಗಿ ಉಳುಮೆಗೆ ತಂದ ನೆಲ, ಜೆಸಿಬಿಯಿಂದ ಮೇಲ್ಮಣ್ಣು ಕೆರೆದು ಸಮತಟ್ಟು ಮಾಡಿದ ನೆಲ, ಬಹಳ ಕಾಲ ಬರೀ ಟೊಮೆಟೊ ಮತ್ತು ಕೋಸು ಕಂಡ ನೆಲ, ಇವುಗಳಲ್ಲಿ ಮಾತ್ರ ಲೇಪನದ ಫಲ ಎದ್ದು ಕಾಣುತ್ತದೆ. ಅಲ್ಲಿ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸರಕು. ಬೆಲ್ಲದ ನೀರನ್ನು ಕಾಯಿಸಿ ಪೂರ್ತಿ ಆರಿಸಿ, ಅದರಲ್ಲಿ ಪುಡಿ ಕಲಸಿ, ಬೀಜದ ಸಿಪ್ಪೆ ಏಳದಂತೆ ಹಗುರವಾಗಿ ಲೇಪಿಸಿ, ನೆರಳಿನಲ್ಲಿ ಹರಡಿ, ಅದೇ ದಿನ ಬಿತ್ತಬೇಕು. ಬಿತ್ತುವಾಗ ಯೂರಿಯಾ ಕೈಬಿಡಬೇಕು. ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ವ್ಯಾಮ್ ಎಂದು ಅಂಗಡಿಗಳಲ್ಲಿ ಕರೆಯುವ ಮೈಕೊರೈಜಾ ಶಿಲೀಂಧ್ರದ ವಿಚಾರದಲ್ಲಿಯೇ ಅತಿ ಹೆಚ್ಚು ಸತ್ಯವೂ ಅತಿ ಹೆಚ್ಚು ತಪ್ಪು ಮಾರಾಟವೂ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದು ಬೇರಿನ ಜೀವಕೋಶದ ಒಳಗೆ ಪುಟ್ಟ ಮರದಂತೆ ಕವಲೊಡೆದು, ಹೊರಗೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚುತ್ತದೆ. ರಂಜಕ ಮಣ್ಣಿನಲ್ಲಿ ಸುಲಭವಾಗಿ ಸರಿದಾಡುವುದಿಲ್ಲ. ಬೇರು ತನ್ನ ಮೈಗೆ ಅಂಟಿದ ಒಂದೆರಡು ಮಿಲಿಮೀಟರಿನೊಳಗಿನ ರಂಜಕವನ್ನು ಬೇಗನೆ ಖಾಲಿ ಮಾಡಿಕೊಂಡು ಬಿಡುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಶಿಲೀಂಧ್ರದ ಎಳೆಗಳು ಆ ಖಾಲಿ ವಲಯವನ್ನು ದಾಟಿ ಸೆಂಟಿಮೀಟರುಗಳ ಆಚೆಯಿಂದ ರಂಜಕವನ್ನೂ ಸತುವನ್ನೂ ತಂದುಕೊಟ್ಟು, ಬದಲಿಗೆ ಗಿಡದಿಂದ ಸಕ್ಕರೆ ಮತ್ತು ಕೊಬ್ಬಿನಂಶ ಪಡೆಯುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ದೊರೆತ 40 ಕೋಟಿ ವರ್ಷಗಳಷ್ಟು ಹಳೆಯ ಸಸ್ಯದ ಪಳೆಯುಳಿಕೆಗಳಲ್ಲಿಯೂ ಈ ಒಡನಾಟದ ಗುರುತುಗಳಿವೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಪ್ರೊಫೆಸರ್ ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದರೆಂಬುದು ಈ ಭಾಗದವರು ಹೆಮ್ಮೆಪಡಬೇಕಾದ ಸಂಗತಿ.

ಹಾಗಿದ್ದರೆ ವ್ಯಾಮ್ ಯಾರು ಕೊಳ್ಳಬೇಕು? ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಬೆಳೆಯುವವರು ಕೊಳ್ಳಲೇಬಾರದು. ಕೋಸಿನ ಕುಟುಂಬದ ಗಿಡಗಳು ಈ ಶಿಲೀಂಧ್ರದೊಂದಿಗೆ ಸೇರುವುದಿಲ್ಲ. ಪಾಲಕ್, ಬೀಟ್‌ರೂಟ್, ದಂಟು ಕೂಡ ಹೆಚ್ಚುಕಡಿಮೆ ಅದೇ ಸಾಲಿನವು. ಆದರೂ ಕೋಲಾರದಲ್ಲಿಯೇ ಒಂದು ಅಂಗಡಿಯವರು ಎಲೆಕೋಸಿನ ನಾಟಿಗೆಂದು ಬಂದ ರೈತರೊಬ್ಬರಿಗೆ ನನ್ನ ಕಣ್ಣೆದುರೇ ವ್ಯಾಮ್ ಚೀಲ ಕೊಟ್ಟರು. ಬೆಲೆಯಲ್ಲಿ ಇದು ಈ ಕಪಾಟಿನ ದುಬಾರಿ ಸರಕು. ಹೀಗೆ ಮಾರುವುದು ರೈತನ ಜೇಬಿಗೆ ಕೈಹಾಕಿದಂತೆಯೇ ಸರಿ. ಎರಡನೆಯದಾಗಿ, ವ್ಯಾಮ್ ಜೀವಂತ ಬೇರಿಲ್ಲದೆ ಬೆಳೆಯುವುದೇ ಇಲ್ಲ. ಅದನ್ನು ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಹಾಕಿ ಹೆಚ್ಚಿಸಿಕೊಳ್ಳಿ ಎಂಬ ಸಲಹೆ ಬ್ಯಾಕ್ಟೀರಿಯಾಕ್ಕೆ ಹೊಂದೀತೇ ಹೊರತು ಇದಕ್ಕೆ ಹೊಂದುವುದಿಲ್ಲ. ಹೆಚ್ಚಿಸಿಕೊಳ್ಳಬೇಕೆನ್ನುವವರು ಮರಳು ಬೆರೆಸಿದ ಮಣ್ಣಿನ ಮಡಿಯಲ್ಲಿ ಪುಡಿ ಹಾಕಿ, ಮೇಲೆ ಜೋಳವನ್ನೋ ರಾಗಿಯನ್ನೋ ಒತ್ತಾಗಿ ಬೆಳೆಸಿ, ಎರಡು ಮೂರು ತಿಂಗಳ ನಂತರ ಬೇರನ್ನು ಕತ್ತರಿಸಿ ಮಣ್ಣಿನೊಂದಿಗೆ ಬಳಸಬೇಕು. ಮೂರನೆಯದು ಡಿಎಪಿಯ ಮಾತು. ಮಣ್ಣಿನಲ್ಲಿ ರಂಜಕ ಸಮೃದ್ಧವಾಗಿದ್ದಾಗ ಗಿಡ ಶಿಲೀಂಧ್ರವನ್ನು ಒಳಗೆ ಸೇರಿಸಿಕೊಳ್ಳುವುದು ತೀರಾ ಕಡಿಮೆಯಾಗುತ್ತದೆ. ಪ್ರತಿ ನಾಟಿಗೂ ಡಿಎಪಿ ಸುರಿದ ಟೊಮೆಟೊ ಭೂಮಿಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕ 'ಹೆಚ್ಚು' ಎಂದೇ ಬರುವುದು ಸಾಮಾನ್ಯ. ಅಂಥ ಭೂಮಿಗೆ ವ್ಯಾಮ್ ಹಾಕುವುದು ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೂ ವ್ಯಾಮ್‌ಗೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ, ಸಸಿಮಡಿಗೆ. ಶ್ರೀನಿವಾಸಪುರದ ಕಡೆಯ ಮಾವಿನ ಕಸಿ ಗಿಡ, ಹಿಪ್ಪುನೇರಳೆ ಕಡ್ಡಿ, ದಾಳಿಂಬೆ, ಮೆಣಸಿನಕಾಯಿ, ಟೊಮೆಟೊ ಸಸಿ, ಇವು ಬೆಳೆಯುವ ಪಾಲಿಥೀನ್ ಚೀಲ ಅಥವಾ ಪ್ರೋಟ್ರೇಯಲ್ಲಿ (ಗುಳಿಗಳಿರುವ ಸಸಿ ತಟ್ಟೆಯಲ್ಲಿ) ತೆಂಗಿನ ನಾರಿನ ಪುಡಿಯಿರುತ್ತದೆ, ಅದರಲ್ಲಿ ಮಣ್ಣಿನ ಸಹಜ ಶಿಲೀಂಧ್ರ ಇರುವುದೇ ಇಲ್ಲ. ಅಲ್ಲಿ ಕೊಟ್ಟ ಒಂದು ಚಿಟಿಕೆ ಪುಡಿ ಬೇರಿನೊಳಗೆ ಸೇರಿಕೊಂಡು ಗಿಡದ ಜೊತೆಯಲ್ಲೇ ಹೊಲಕ್ಕೆ ಬರುತ್ತದೆ. ಪೊಟ್ಟಣದ ಮೇಲೆ ಗ್ರಾಂಗೆ ಕನಿಷ್ಠ 100 ಜೀವಂತ ಕಣಗಳೆಂದು ಬರೆದಿದೆಯೇ ನೋಡಿಕೊಂಡು ಕೊಳ್ಳಿ.

ಟ್ರೈಕೋಡರ್ಮಾ ನಾನು ತಪ್ಪದೆ ಕೊಳ್ಳುವ ಸರಕು. ಮಣ್ಣಿನಲ್ಲಿನ ಬೇರೆ ಶಿಲೀಂಧ್ರಗಳ ಎಳೆಗಳನ್ನು ಸುತ್ತಿಕೊಂಡು, ಅವುಗಳ ಗೋಡೆಯನ್ನು ಕರಗಿಸಿ ತಿನ್ನುವ ಶಿಲೀಂಧ್ರ ಇದು. ಸಸಿಮಡಿಯಲ್ಲಿ ಸಸಿಗಳು ಬುಡದಲ್ಲಿ ಕೊಳೆತು ಮಗುಚಿಕೊಳ್ಳುವುದನ್ನು ಇದು ಚೆನ್ನಾಗಿ ತಡೆಯುತ್ತದೆ. ಪುಡಿಯನ್ನು ನೇರವಾಗಿ ಹೊಲಕ್ಕೆ ಎರಚುವುದಕ್ಕಿಂತ ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚಿಸಿ ಬಳಸುವುದು ಎಷ್ಟೋ ಲಾಭ. ಒಂದು ಕಿಲೋ ಪುಡಿಯನ್ನು ನೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಹತ್ತು ಕಿಲೋ ಬೇವಿನ ಹಿಂಡಿಗೆ ಬೆರೆಸಿ, ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು ಆದರೆ ನೀರು ತೊಟ್ಟಿಕ್ಕಬಾರದು ಎನ್ನುವಷ್ಟು ತೇವ ಮಾಡಿ, ಹುಣಸೆ ಮರದ ನೆರಳಿನಲ್ಲಿ ಗುಡ್ಡೆ ಹಾಕಿ ಹಸಿ ಗೋಣಿಚೀಲ ಮುಚ್ಚುತ್ತೇವೆ. ನಡುನಡುವೆ ಗುಡ್ಡೆಯನ್ನು ತಿರುವಿ ಹಾಕಬೇಕು. ಎರಡು ವಾರ ಆಗುವಷ್ಟರಲ್ಲಿ ಗೋಣಿ ಸರಿಸಿದರೆ ಗೊಬ್ಬರದ ಮೇಲೆ ಮೊದಲು ಬಿಳಿ ನೂಲಿನಂತೆ, ಆಮೇಲೆ ಪಾಚಿಯ ಹಸಿರಿನಂತೆ ಒಂದು ಹೊದಿಕೆ ಕಾಣುತ್ತದೆ. ಹಸಿರು ಕಂಡರೆ ಪುಡಿ ಜೀವಂತವಿತ್ತೆಂದು ತಿಳಿಯಬಹುದು. ಏನೂ ಕಾಣದ ಗುಡ್ಡೆಯೂ ಒಮ್ಮೆ ಆಗಿತ್ತು; ಆ ಪೊಟ್ಟಣ ಕೊಂಡ ಅಂಗಡಿಗೆ ಹೋಗಿ ತೋರಿಸಿದಾಗ ಮಾತಿಲ್ಲದೆ ಬದಲಿಸಿಕೊಟ್ಟರು, ಬಿಲ್ ಇದ್ದುದರಿಂದ. ಜೈವಿಕ ಸರಕಿಗೆ ಬಿಲ್ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬರಬೇಕಾಗಿದೆ.

ಟ್ರೈಕೋಡರ್ಮಾದಿಂದ ಆಗದ ಕೆಲಸವನ್ನೂ ಹೇಳಬೇಕು. ಟೊಮೆಟೊ ಗಿಡ ಹಸಿರಾಗಿದ್ದಂತೆಯೇ ಮಧ್ಯಾಹ್ನ ಬಾಡಿ, ಎರಡು ಮೂರು ದಿನದಲ್ಲಿ ಪೂರ್ತಿ ಸೊರಗಿ ಹೋದರೆ ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸವಾಗಿರಬಹುದು. ಸೊರಗಿದ ಗಿಡದ ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಇಳಿಬಿಡಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿನೊಳಗೆ ಇಳಿದರೆ ಅನುಮಾನವೇ ಬೇಡ. ಈ ರೋಗಕ್ಕೆ ಟ್ರೈಕೋಡರ್ಮಾ ಮದ್ದಲ್ಲ; ಬಂದ ಮೇಲೆ ಬೇರೆ ಮದ್ದೂ ಇಲ್ಲ. ಅಂಥ ತಾಕಿನಲ್ಲಿ ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಬಿಟ್ಟು ರಾಗಿ ಅಥವಾ ಜೋಳಕ್ಕೆ ಹೋಗುವುದು, ನಿರೋಧಕ ಬೇರಿಗೆ ಕಸಿ ಮಾಡಿದ ಸಸಿ ತರುವುದು ಇವೇ ದಾರಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಇಲ್ಲಿಯೇ ಇರುವಾಗ ಟೊಮೆಟೊ ಬಿಡಿ ಎಂದು ಹೇಳುವುದು ಸುಲಭವಲ್ಲ, ಗೊತ್ತಿದೆ; ಆದರೂ ಬ್ಯಾಕ್ಟೀರಿಯಾದ ಈ ಸೊರಗು ರೋಗಕ್ಕೆಂದು ಟ್ರೈಕೋಡರ್ಮಾ ಮಾರುವವರ ಮಾತನ್ನು ನಂಬಿ ಸಾಲ ಮಾಡುವುದು ಅದಕ್ಕಿಂತ ಕಷ್ಟದ ದಾರಿ.

ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಬೇರಿನ ಸುತ್ತಲಿನ ಕಬ್ಬಿಣವನ್ನು ಬಿಗಿಹಿಡಿದು ರೋಗಾಣುಗಳಿಗೆ ಸಿಗದಂತೆ ಮಾಡುತ್ತದೆ, ಗಿಡದ ಸ್ವಂತ ರೋಗ ನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ. ಸಸಿಯ ಬೇರು ಅದ್ದಿ ನಾಟಿ ಮಾಡಲು ಒಳ್ಳೆಯದು. ಅಜೋಸ್ಪಿರಿಲಂ ರಾಗಿ, ಜೋಳದಂಥ ಬೆಳೆಗೆ ಸರಿ. ಅದರ ಲಾಭ ಸಾರಜನಕದಿಂದ ಬಂದದ್ದಕ್ಕಿಂತ ಬೇರು ಕವಲೊಡೆಯುವಂತೆ ಮಾಡುವ ಹಾರ್ಮೋನಿನಿಂದ ಬಂದದ್ದೇ ಹೆಚ್ಚಿರಬಹುದು. ಪಿಎಸ್‌ಬಿ ಸಾವಯವ ಆಮ್ಲ ಸುರಿಸಿ ಮಣ್ಣಿನಲ್ಲಿ ಕೂತುಹೋದ ರಂಜಕವನ್ನು ಬಿಡಿಸುತ್ತದೆ. ಡಿಎಪಿ ಕಡಿಮೆ ಮಾಡಬೇಕೆನ್ನುವ ಟೊಮೆಟೊ ಬೆಳೆಗಾರರು ವ್ಯಾಮ್‌ಗಿಂತ ಮೊದಲು ಇದನ್ನು ನೋಡಬಹುದು. ಇವನ್ನೆಲ್ಲ ಬಿಡಿಬಿಡಿಯಾಗಿ ಕೊಳ್ಳಲು ಆಗದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಮಿಶ್ರಣವಿದೆ. ಸಾರಜನಕ ಸ್ಥಿರೀಕರಿಸುವ, ರಂಜಕ ಮತ್ತು ಸತು ಕರಗಿಸುವ, ಬೆಳವಣಿಗೆಗೆ ನೆರವಾಗುವ ಜೀವಾಣುಗಳು ಅದರಲ್ಲಿ ಒಟ್ಟಿಗೇ ಇವೆ. ಪ್ರೋಟ್ರೇಯ ನಾರಿನ ಪುಡಿಗೆ ಬೆರೆಸಿ ಬೆಳೆಸಿದ ನಮ್ಮ ಟೊಮೆಟೊ ಸಸಿಗಳನ್ನು ಗುಳಿಯಿಂದ ಎಳೆದಾಗ ಬೇರು ಪುಡಿಯನ್ನು ಸುತ್ತಲೂ ಹಿಡಿದುಕೊಂಡು ಒಂದೇ ಮುದ್ದೆಯಾಗಿ ಹೊರಬರುತ್ತಿತ್ತು. ನಾಟಿಯಾದ ಮೇಲೆ ಬಾಡುವುದೂ ಕಡಿಮೆ. ಸಸಿ ಮಾರುವ ನರ್ಸರಿಯವರು ಇದನ್ನು ಬಳಸುತ್ತಾರೆಯೇ ಎಂದು ಕೇಳಿ ಕೊಳ್ಳುವುದು ರೈತನಿಗೆ ಅತಿ ಅಗ್ಗದ ಉಪಾಯ.

ಕೊಂಡು ತಂದ ಜೀವಾಣುವನ್ನು ನಮ್ಮ ಕೈಯಾರೆ ಕೊಲ್ಲುವುದೂ ಸಾಮಾನ್ಯವಾಗಿದೆ. ಇಂದು ಟ್ರೈಕೋಡರ್ಮಾ ಹಾಕಿ ನಾಳೆ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಸುರಿದರೆ, ಸ್ಯೂಡೋಮೊನಾಸ್ ಕೊಟ್ಟ ವಾರದಲ್ಲಿಯೇ ತಾಮ್ರದ ಔಷಧಿಯನ್ನು ಬುಡಕ್ಕೆ ಕೊಟ್ಟರೆ, ಎರಡೂ ದುಡ್ಡು ದಂಡ. ಡ್ರಿಪ್‌ನ ಪೈಪು ತೊಳೆಯಲು ಬಿಟ್ಟ ಆಮ್ಲ, ಕ್ಲೋರಿನ್ ಕೂಡ ಹಾಗೆಯೇ. ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಲೇಬೇಕಾದರೆ ಅದು ಮೊದಲು, ಕೀಟನಾಶಕ ನಂತರ, ರೈಜೋಬಿಯಂ ಕೊನೆಗೆ, ಬಿತ್ತುವ ಹೊತ್ತಿಗೆ ಎಂಬ ಕ್ರಮವನ್ನು ಕೃಷಿ ಇಲಾಖೆಯವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಮಾರಾಟ ಮಾಡುವ ಕೌಂಟರಿನಲ್ಲಿ ಈ ಮಾತು ಹೇಳಿದವರು ನನಗೆ ಬಹಳ ಅಪರೂಪಕ್ಕೆ ಸಿಕ್ಕಿದ್ದಾರೆ, ಇದು ನನ್ನ ದೊಡ್ಡ ತಕರಾರು.

ಜೀವಾಣು ಕೊಂಡರೂ ಅದಕ್ಕೆ ಮಣ್ಣಿನಲ್ಲಿ ಇಂಗಾಲ ಬೇಕು. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆ ಎಂದು ಪರೀಕ್ಷಾ ವರದಿಗಳು ಬರೆಯುತ್ತವೆ. ನಮ್ಮ ಕಡೆಯ ಕೆಂಪು ಮಣ್ಣಿನ ವರದಿಗಳಲ್ಲಿ ಆ ಮಾತು ಎಷ್ಟೋ ಸಲ ಕಾಣುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸುವುದು, ಹೊಂಗೆ ಸೊಪ್ಪನ್ನು ಸಾಲಿಗೆ ಹಾಕಿ ಉಳುವುದು, ರಾಗಿಯಲ್ಲಿ ಅಕ್ಕಡಿ ಬಿಡದಿರುವುದು, ಇವು ನಮ್ಮ ಹಿರಿಯರಿಗೆ ರೂಢಿಯಲ್ಲಿದ್ದ ಕೆಲಸಗಳು. ಬರಿದಾಗಿ ಬಿಸಿಲಿಗೆ ಬಿದ್ದ ನೆಲದಲ್ಲಿ ಬೇರೂ ಇಲ್ಲ, ಬೇರಿನ ಒಸರೂ ಇಲ್ಲ. ಮೈಕೊರೈಜಾಕ್ಕೆ ಅಂಥ ನೆಲ ಉಪವಾಸದ ನೆಲ. ಜೀವಾಮೃತದ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ: 10 ಕಿಲೋ ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟು ಸೇರಿಸಿ 200 ಲೀಟರ್ ನೀರಿನಲ್ಲಿ ಕಲಸುವ ಆ ದ್ರವ ಮಣ್ಣಿನಲ್ಲಿರುವ ಜೀವಾಣುಗಳಿಗೆ ಊಟವಾಗುತ್ತದೆ, ಖರ್ಚೂ ಕಡಿಮೆ, ಆದರೆ ಯಾವ ಜೀವಾಣು ಎಷ್ಟಿದೆ ಎಂಬ ಖಾತ್ರಿ ಅದರಲ್ಲಿ ಇರುವುದಿಲ್ಲವಾದ್ದರಿಂದ ರೈಜೋಬಿಯಂ ಲೇಪನಕ್ಕೋ ಟ್ರೈಕೋಡರ್ಮಾಕ್ಕೋ ಅದನ್ನು ಬದಲಿಯಾಗಿ ಎಣಿಸಬಾರದು.

ಕೊಳ್ಳುವ ಜಾಗದ ವಿಚಾರ. ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಬಳಿಯ ಕುರುಬೂರಿನ ಕೇಂದ್ರ, ತುಮಕೂರಿನವರಿಗೆ ಹಿರೇಹಳ್ಳಿಯ ಕೇಂದ್ರ ಹತ್ತಿರ. ಹೋಗುವ ಮೊದಲು ಫೋನ್ ಮಾಡಿ ಸರಕು ಇದೆಯೇ ಎಂದು ಕೇಳಿಕೊಳ್ಳಿ; ಮಣ್ಣು ಪರೀಕ್ಷೆಯ ಬಗ್ಗೆಯೂ ಅಲ್ಲಿಯೇ ವಿಚಾರಿಸಬಹುದು. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಜಿಕೆವಿಕೆಯಲ್ಲಿ ತಯಾರಾದ ಪೊಟ್ಟಣಗಳು ಸಿಗುತ್ತವೆ. ಖಾಸಗಿ ಅಂಗಡಿಗಳಲ್ಲಿಯೂ ಒಳ್ಳೆಯ ಸರಕಿದೆ, ನೆರಳಿನಲ್ಲಿ ಇಟ್ಟಿದ್ದರೆ. ಮುಂಗಾರಿನ ಬಿತ್ತನೆಗೆಂದು ಮಾರ್ಚ್‌ನಲ್ಲಿಯೇ ಕೊಂಡು ಮನೆಯ ಅಟ್ಟದಲ್ಲಿಡುವುದು ಬೇಡ. ಬಿತ್ತುವ ವಾರ ತಂದರೆ ಸಾಕು, ತಂದ ಪೊಟ್ಟಣವನ್ನು ಮಣ್ಣಿನ ಗಡಿಗೆಯ ಪಕ್ಕದಂಥ ತಂಪಿನ ಜಾಗದಲ್ಲಿ ಇಡಿ. ಹೊಲದ ಒಂದು ತುದಿಯಲ್ಲಿ ಎರಡು ಸಾಲುಗಳಿಗೆ ಏನನ್ನೂ ಲೇಪಿಸದೆ ಬಿತ್ತಿ, ಗೂಟ ಹೊಡೆದು ಗುರುತಿಟ್ಟುಕೊಳ್ಳಿ. ಮುಂದಿನ ವರ್ಷ ಮತ್ತೆ ಕೊಳ್ಳಬೇಕೇ ಬೇಡವೇ ಎಂಬುದನ್ನು ನಿಮ್ಮ ಮಣ್ಣಿನ ಮಟ್ಟಿಗೆ ಆ ಎರಡು ಸಾಲುಗಳ ಬೇರು ತೊಳೆದು ನೋಡಿ ನಿರ್ಧರಿಸಬಹುದು.